ಹಿಂದಿನ ಬೆಂಚಿನ ನೆರೆಯಾಕೆ

ಅವಳ ಅಂಗೈ ಬ್ಲೀಚಿನಿಂದ ಬಿರಿದು ಕೆಂಪಾಗಿರುತ್ತಿತ್ತು. ಆಫೀಸುಗಳನ್ನು ಕ್ಲೀನ್ ಮಾಡುವ ಕೆಲಸ. ಭಾನುವಾರ ಇಗರ್ಜಿಗೆ ಬರುವಾಗ ಮಾತ್ರ ಹ್ಯಾಂಡ್‌ಕ್ರೀಮ್ ಹಚ್ಚುತ್ತಿದ್ದಳು. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಯಾರಾದರೂ ಕೈ ಹಿಡಿದಾರು ಎಂಬ ಆಸೆ.

ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನವಳು. ಊರಿನಲ್ಲಿ ಜನ ಅವಳ ಮನೆಗೆ ಬೆಂಕಿ ಹಚ್ಚಿದ್ದರಿಂದ, ಮಗಳೊಡನೆ ಸ್ಲೊವಾಕಿಯಾ ಬಿಟ್ಟು ಆಶ್ರಯ ಕೇಳಿ ಬಂದ ರೋಮಾ ಜನಾಂಗದ ಹೆಂಗಸು. ಅವರನ್ನು ಯಾರಾದರೂ ಜಿಪ್ಸಿ ಎಂದರೆ, "ಅದು ಬೈಗುಳ, ಮಿಸೆಸ್" ಎನ್ನುತ್ತಿದ್ದಳು.

ನಾವೂ ಆಗ ಮಂಗಳೂರಿನಿಂದ ಬಂದ ಹೊಸತು. ಅವಳು ಮೊದಲ ಸಲ ನನ್ನ ಪಕ್ಕ, ಕೊನೆಯ ಬೆಂಚಿನಲ್ಲಿ ಕೂತ ದಿನ, ಮುಂದಿನ ಬೆಂಚಿನಲ್ಲಿದ್ದ ಅವಳದೇ ದೇಶದ ಹೆಂಗಸು ಶಾಂತಿ ಕೋರುವ ಹೊತ್ತಿಗೆ ಹಿಂದಕ್ಕೆ ತಿರುಗಲೇ ಇಲ್ಲ. ಇವಳು ನನ್ನತ್ತ ಕೈ ಚಾಚಿದಳು. ನಾನು ಊರಿನ ಅಭ್ಯಾಸದಂತೆ ಕೈ ಜೋಡಿಸಿ ತಲೆಬಾಗಿದೆ. ಅವಳ ಕೈ ಗಾಳಿಯಲ್ಲಿ ಅರೆಗಳಿಗೆ ನಿಂತು, ಮೆಲ್ಲಗೆ ಕೋಟಿನ ಜೇಬು ಸೇರಿತು. ಮುಂದಿನ ಭಾನುವಾರ ಅವಳು ಬರಲಿಲ್ಲ.

"ಮುಟ್ಟಲಿಕ್ಕೆ ಅಸಹ್ಯ ಅಂತ ತಿಳಿದುಕೊಂಡಿರಬೇಕು ಮಾರಾಯ್ತಿ," ಎಂದರು ನಮ್ಮವರು. "ಇದೆಂತ ಊರಿನ ಪೂಜೆಯಾ? ಇಲ್ಲಿ ಶೇಕ್‌ಹ್ಯಾಂಡ್ ಕೊಡಬೇಕು."

ಅವಳ ಬಾಗಿಲು ತಟ್ಟಿ, ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಪ್ರಾಪರ್ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಬಿಷಪರಿಗೂ ಹೀಗೆಯೇ ಎಂದು ವಿವರಿಸಿದೆ.

"ಬಿಷಪರನ್ನೂ ಮುಟ್ಟುವುದಿಲ್ಲವಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಪ್ರತಿ ಭಾನುವಾರ ನಾನು ಕೈ ಜೋಡಿಸುತ್ತಿದ್ದೆ. ಅವಳು ತನ್ನೆರಡು ಕೈಗಳಿಂದ ಅವನ್ನು ಮುಚ್ಚಿ ಹಿಡಿಯುತ್ತಿದ್ದಳು. ನಮ್ಮಿಬ್ಬರ ಪ್ರೈವೇಟ್ ಅರೇಂಜ್‌ಮೆಂಟ್.

ಅಷ್ಟರಲ್ಲಿ ಅವಳ ದೇಶ ಯುರೋಪಿಯನ್ ಯೂನಿಯನ್ ಸೇರಲು ತಯಾರಾಗುತ್ತಿತ್ತು. ಅಲ್ಪಸಂಖ್ಯಾತರ ರಕ್ಷಣೆಗೆ ಅಲ್ಲೀಗ ಕಾನೂನಿದೆ, ಭಯಪಡಲು ಕಾರಣವಿಲ್ಲ ಎಂದು ಇಲ್ಲಿನ ಅಧಿಕಾರಿಗಳು ಅವಳ ಆಶ್ರಯದ ಅರ್ಜಿಯನ್ನು ತಳ್ಳಿಹಾಕಿದರು.

"ಕಾನೂನು ರಾಜಧಾನಿ ತನಕ ಬಂದಿದೆ, ಮಿಸೆಸ್. ಅಲ್ಲಿಂದ ನಮ್ಮ ಕೇರಿಗೆ ಬಸ್ಸಿಲ್ಲ," ಎಂದಳು.

ಅವಳನ್ನು ಉಳಿಸಿಕೊಳ್ಳಲು ಇಗರ್ಜಿಯ ಪ್ಯಾರಿಷಿನವರೆಲ್ಲ ಸಹಿ ಕೂಡಿಸಿದೆವು. ನಾನೂ ಸೀರೆಯ ಮೇಲೆ ಓವರ್‌ಕೋಟ್ ಹಾಕಿ, ಬೋರ್ಡ್ ಹಿಡಿದು ಚಳಿಯಲ್ಲಿ ನಿಂತೆ. ಮುಂದಿನ ಬೆಂಚಿನವಳು ಮಾತ್ರ ಸಹಿ ಹಾಕಲಿಲ್ಲ. "ನಮಗೀಗಷ್ಟೇ ಬಾಗಿಲು ತೆರೆಯುತ್ತಿದೆ. ಇವರು ನಮ್ಮ ಹೆಸರು ಕೆಡಿಸುತ್ತಾರೆ," ಎಂದು ಇವಳ ಎದುರಿಗೇ ಹೇಳಿದಳು.

"ಆಗಲಿ," ಎಂದಳು ಇವಳು. "ಯೂನಿಯನ್ನಿನಲ್ಲೂ ನಾನು ಹಿಂದಿನ ಬೆಂಚಿನಲ್ಲೇ ಕೂರುತ್ತೇನೆ. ನೀವು ತಿರುಗಿ ನೋಡಬೇಡಿ."

ತಾಯಿ ಮಗಳಿಬ್ಬರನ್ನೂ ವಾಪಸು ಕಳಿಸಿಬಿಟ್ಟರು. ಮರುವರ್ಷವೇ ಆ ದೇಶ ಯೂನಿಯನ್ ಸೇರಿತು. ಇನ್ನು ಕೆಲವು ತಿಂಗಳು ಹೇಗಾದರೂ ದೂಡಿದ್ದರೆ ಯೂನಿಯನ್ನಿನ ಪ್ರಜೆಯಾಗಿ ಯಾರ ಅಪ್ಪಣೆಯೂ ಇಲ್ಲದೆ ಇಲ್ಲಿ ಇರಬಹುದಿತ್ತಲ್ಲ ಎಂದು ಈಗಲೂ ಬೆರಳು ಮಡಚಿ ಆ ತಿಂಗಳುಗಳನ್ನು ಎಣಿಸುತ್ತೇನೆ. ಇನ್ನಾದರೂ ಬರುತ್ತಾಳೆಂದು ಬೆಂಚಿನಲ್ಲಿ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದೆ.

ಒಂದು ಭಾನುವಾರ ಆ ಜಾಗದಲ್ಲಿ ಅವಳ ಮಗಳು ಬಂದು ಕೂತಳು. ಕೆಲಸ ಹುಡುಕಿ ಬಂದಿದ್ದಳಂತೆ.

"ಮಮ್ಮಿ?" ಎಂದೆ.

"ಚಳಿಗಾಲದಲ್ಲಿ ಹೋದಳು, ಆಂಟಿ. ನ್ಯುಮೋನಿಯಾ. ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿದ್ದಳು."

ಶಾಂತಿ ಕೋರುವ ಹೊತ್ತು ಬಂತು. ನಾನು ಶೇಕ್‌ಹ್ಯಾಂಡಿಗೆಂದು ಕೈ ಚಾಚಿದೆ. ಹುಡುಗಿ ಆಗಲೇ ಕೈ ಜೋಡಿಸಿ ತಲೆಬಾಗಿದ್ದಳು.

"ನಿಮಗೆ ಹೀಗೆ ಮಾಡಬೇಕು ಅಂತ ಮಮ್ಮಿ ಹೇಳಿದ್ದಳು."

ಆ ಕೈಗಳನ್ನು ನನ್ನೆರಡು ಕೈಗಳಿಂದ ಮುಚ್ಚಿ ಹಿಡಿದೆ. ಹ್ಯಾಂಡ್‌ಕ್ರೀಮಿನ ಪರಿಮಳದ ಅಡಿಯಲ್ಲಿ, ಎಳೆಯ ಅಂಗೈಗೂ ಆಗಲೇ ಬ್ಲೀಚಿನ ವಾಸನೆ ಹತ್ತಿತ್ತು.