ಭರ್ತಿ ಆಗ್ಲಿ ಬಿಡಪ್ಪಾ ಎಂದೆ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತು. ನನ್ನ ಮಗಳು ಶಾಂತಾಳ ಬಾಣಂತನ ಮುಗಿದಿತ್ತು. ಚೊಚ್ಚಲ ಗಂಡುಕೂಸು, ಐದು ತಿಂಗಳು ತುಂಬಿತ್ತು. ಅಳಿಯನಿಗೆ ಮೀನುಗಾರಿಕೆ ಇಲಾಖೆಯಲ್ಲಿ ಗುಮಾಸ್ತನ ಕೆಲಸ. ಮೀನಿನ ವಾಸನೆಗೇ ಮೂಗು ಮುಚ್ಚುವ ಲಿಂಗಾಯತರ ಮನೆಯ ಹುಡುಗ, ಆದರೆ ಸರ್ಕಾರಿ ನೌಕರಿ, ಯಾರು ಬಿಡುತ್ತಾರೆ? ಮಗಳು ನಮ್ಮ ಮನೆಯಲ್ಲಿದ್ದಾಗಲೇ ಅವನಿಗೆ ಸಮುದ್ರದ ದಂಡೆಯ ಒಂದು ಹಳ್ಳಿಗೆ ವರ್ಗವಾಯಿತು. ರಜೆ ಸಿಗಲಿಲ್ಲ, ನೀವೇ ಕರೆದುಕೊಂಡು ಬರ್ರಿ ಎಂದು ಕಾಗದ ಬರೆದ. ಬಸ್ಸು ಬಂದರಿನ ತನಕ ಬರುತ್ತದೆ, ಅಲ್ಲಿಂದ ತಾರಿಯಲ್ಲಿ ದಾಟಿದರೆ ಎದುರಿಗೇ ನಮ್ಮ ಆಫೀಸು ಎಂದಿತ್ತು. ಅಲ್ಲಿಯವರು ದಾಟಿಸುವ ದೋಣಿಗೆ ತಾರಿ ಅನ್ನುತ್ತಾರೆ.

ನಮ್ಮ ಯಜಮಾನರಿಗೆ ಕಲ್ಲಿನ ಗಣಿ ಬಿಟ್ಟು ಬರಲಾಗಲಿಲ್ಲ. ನಾನೇ ಹೊರಟೆ. ಶಹಾಬಾದಿನಲ್ಲಿ ರೈಲು ಹತ್ತಿ, ಹೋಟಗಿಯಲ್ಲಿ ಬದಲಿಸಿ, ಹುಬ್ಬಳ್ಳಿ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದೆವು. ಶಾಂತಾ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಕೂಸು ಮಾತ್ರ ಆರಾಮಾಗಿತ್ತು.

ಬಂದರಿನಲ್ಲಿ ಇಳಿದಾಗ ಮಧ್ಯಾಹ್ನ ಇಳಿಹೊತ್ತು. ನೀರಿಗೆ ಚಾಚಿದ ಕಲ್ಲಿನ ಕಟ್ಟೆಯೊಂದಿತ್ತು, ಆದರೆ ಅದರ ಕೆಳಗೆ ನೀರೇ ಇರಲಿಲ್ಲ, ಬರೀ ಕೆಸರು. ಅದರಾಚೆ ಕಾಲು ಮುಳುಗುವಷ್ಟು ನೀರಿನ ಒಂದು ತಗ್ಗು, ತಗ್ಗಿನಾಚೆ ಅಗಲವಾದ ಉಸುಕಿನ ದಿಬ್ಬ. ದಿಬ್ಬದ ತುದಿಗೆ ದೋಣಿ ನಿಂತಿತ್ತು. ಮಂದಿ ತಗ್ಗು ದಾಟಿ ನಡೆದುಕೊಂಡೇ ದೋಣಿಗೆ ಹೋಗುತ್ತಿದ್ದರು. ನಾನು ಟ್ರಂಕು ಹೊತ್ತೆ, ಶಾಂತಾ ಕೂಸು ಎತ್ತಿಕೊಂಡಳು. ನಾವೂ ದಾಟಿದೆವು.

ನಮ್ಮಲ್ಲಿ ಕೂಸು ಮೊದಲ ಸಲ ಹೊಳೆ ದಾಟುವಾಗ ಗಂಗವ್ವನ ಪೂಜೆ ಮಾಡದೆ ದಾಟಿಸುವುದಿಲ್ಲ. ಐದು ಹಳ್ಳು, ಅಂದರೆ ಸಣ್ಣ ಕಲ್ಲು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಖಣ ಉತ್ತತ್ತಿ ಇಟ್ಟು ಕೈ ಮುಗಿಯಬೇಕು. ಎಲ್ಲ ಸಾಮಾನು ಕಟ್ಟಿಕೊಂಡು ಬಂದಿದ್ದೆ. ದೋಣಿಯ ಹತ್ತಿರ ಟ್ರಂಕು ಇಳಿಸಿ ಗಂಟು ಬಿಚ್ಚಿದೆ.

ದೋಣಿಯಲ್ಲಿ ಹತ್ತು ಮಂದಿ ಆಗಲೇ ಕುಳಿತಿದ್ದರು. ದೋಣಿಯವನು ಕೂಗಿದ, "ಬೇಗ ಬನ್ನಿ ಅಮ್ಮಾ, ಭರತಿ ಆಗ್ತದೆ!"

ಭರ್ತಿ ಆಗ್ತದೆ ಎಂದು ಕೇಳಿಸಿತು. ನಮ್ಮ ಕಡೆ ಬಸ್ಸು ಮಂದಿಯಿಂದ ತುಂಬಿದರೆ ಹಾಗೇ ಅನ್ನುತ್ತೇವೆ. ಇವನು ಮಂದಿ ತುಂಬಿಸಿಕೊಳ್ಳಲು ಗಡಿಬಿಡಿ ಮಾಡುತ್ತಿದ್ದಾನೆ ಎಂದುಕೊಂಡೆ.

"ಭರ್ತಿ ಆಗ್ಲಿ ಬಿಡಪ್ಪಾ, ಭರ್ತಿ ಆದ ಮ್ಯಾಲ ನಾವು ಹಿಂದಿಂದ ಬರ್ತೀವಿ" ಎಂದೆ. ಪೂಜೆ ಮುಗಿಸಿ ಮುಂದಿನ ಸಲಕ್ಕೆ ಹೋದರಾಯಿತು ಎಂದು ನನ್ನ ಲೆಕ್ಕ.

"ಭರತಿ ಆದ್ಮೇಲೆ ಬರ್ತ್ರಿ? ಹಾಂಗಾರೆ ದಕ್ಕೆ ಮೇಲೆ ಕೂತ್ಕಣಿ, ಅಲ್ಲಿಗೇ ತರ್ತೆ."

ದಕ್ಕೆ ಎಂದರೆ ಆ ಕಲ್ಲಿನ ಕಟ್ಟೆ. ಅದು ಆಮೇಲೆ ತಿಳಿಯಿತು. ಆಗ ತಿಳಿದವಳಂತೆ ತಲೆ ಆಡಿಸಿದೆ. ಅವನು ಗಳ ಊರಿ ದೋಣಿ ನೂಕಿಕೊಂಡು ಹೋದ.

ಪೂಜೆಗೆ ಹಳ್ಳು ಹುಡುಕಿದೆ. ಉಸುಕು ಬಿಟ್ಟರೆ ಚಿಪ್ಪಿ, ಚಿಪ್ಪಿ ಬಿಟ್ಟರೆ ಉಸುಕು. ನಮ್ಮೂರಲ್ಲಿ ಕಾಲಿಟ್ಟಲ್ಲಿ ಕಲ್ಲು, ಇಲ್ಲಿ ಐದು ಸಣ್ಣ ಕಲ್ಲಿಗೆ ಬಡತನ.

"ಯವ್ವಾ, ಕಲ್ಲಿಲ್ಲಂದ್ರ ಚಿಪ್ಪೀನೇ ಇಡು. ಗಂಗವ್ವ ಏನ್ ಪರೀಕ್ಷಾ ಮಾಡ್ತಾಳೇನ?" ಎಂದಳು ಶಾಂತಾ.

"ಚಿಪ್ಪಿ ಅಂದ್ರ ಸತ್ತ ಹುಳದ ಎಲುಬು. ಅದಕ್ಕ ಕುಂಕುಮ ಹಚ್ಚಲೇನ? ಗಪ್ ಕೂಡು."

ಹುಡುಕುತ್ತ ದೂರ ಹೋದೆ. ಮೂರು ಸಿಕ್ಕವು. ನಾಲ್ಕನೆಯದಕ್ಕೆ ಬಗ್ಗಿದ್ದೆ, ಶಾಂತಾ ಚೀರಿದಳು. ತಿರುಗಿ ನೋಡಿದರೆ ಟ್ರಂಕಿನ ಸುತ್ತ ನೀರು.

ಮಳೆ ಇಲ್ಲ, ಮೋಡ ಇಲ್ಲ, ಸಪ್ಪಳ ಇಲ್ಲ. ನಾನು ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವಳು. ಹೊಳೆ ಬರಬೇಕಾದರೆ ಮೇಲೆಲ್ಲೋ ಮಳೆಯಾಗಬೇಕು, ನೀರು ಕೆಂಪಗಾಗಬೇಕು, ಗದ್ದಲ ಮಾಡಬೇಕು. ಇಲ್ಲಿ ಸುಡುವ ಬಿಸಿಲಿನಲ್ಲಿ ನೀರು ತೆಪ್ಪಗೆ ಸಮುದ್ರದ ಕಡೆಯಿಂದ ಹಿಂದಕ್ಕೆ ಹರಿದು ಬರುತ್ತಿತ್ತು. ಓಡಿ ಹೋಗಿ ಕೂಸನ್ನು ಕಸಿದುಕೊಂಡೆ. ಕಟ್ಟೆಯ ಕಡೆಗೆ ಓಡಿದೆವು. ಬರುವಾಗ ಕಾಲು ಮುಳುಗಿದ್ದ ಆ ತಗ್ಗು ತುಂಬಿ ಹೊಳೆಯಾಗಿತ್ತು. ಶಾಂತಾ ಮುಂದೆ ಕಾಲಿಟ್ಟಳು, ಒಂದೇ ಸಲಕ್ಕೆ ಎದೆಮಟ್ಟ ಇಳಿದಳು. ಹೆರಳು ಹಿಡಿದು ಎಳೆದೆ.

ಹಿಂದೆ ನೋಡಿದರೆ ದಿಬ್ಬ ಅರ್ಧ ಆಗಿತ್ತು. ಇಬ್ಬರೂ ಬಾಯಿ ಬಡಿದುಕೊಂಡೆವು. ಕಟ್ಟೆಯ ಮೇಲೆ ನರಪಿಳ್ಳೆ ಇರಲಿಲ್ಲ. ನೀರು ನನ್ನ ಮೊಣಕಾಲಿಗೆ ಬಂತು, ಆಮೇಲೆ ತೊಡೆಗೆ. ನಮಗಿಬ್ಬರಿಗೂ ಈಜು ಬರುತ್ತಿರಲಿಲ್ಲ. ಕೂಸನ್ನು ಹೆಗಲಿಗೆ ಏರಿಸಿದೆ.

ಆಗ ದಿಬ್ಬದ ಆ ಮೂಲೆಯಿಂದ ಒಬ್ಬ ಹೆಂಗಸು ನೀರಿನಲ್ಲಿ ನಡೆದು ಬಂದಳು. ಸೀರೆ ಕಚ್ಚೆ ಹಾಕಿದ್ದಳು, ತಲೆಯ ಮೇಲೆ ಬುಟ್ಟಿ. ನೀರು ಇಳಿದಾಗ ಕೆಸರಿನಲ್ಲಿ ಚಿಪ್ಪಿನ ಹುಳ ಆರಿಸುವವಳು.

"ಅಯ್ಯಯ್ಯೋ, ಭರತಿ ಬಂದ್ರೂ ನಿಂತ್ಕಂಡೇ ಇದ್ರಲ್ಲ! ಕಣ್ಣು ಕಾಣೂದಿಲ್ವಾ ನಿಮಗೆ?"

ಬುಟ್ಟಿ ಇಳಿಸಿದವಳೇ ತುಂಬಿದ್ದ ಹುಳವನ್ನೆಲ್ಲ ನೀರಿಗೆ ಸುರಿದಳು. ಕೈ ಚಾಚಿದಳು. "ಕೊಡಿ ಕೂಸನ್ನ, ಬುಟ್ಟೀಲಿ ಇಡ್ತೆ. ನಿಮ್ಮಿಬ್ರನ್ನೂ ಹಿಡ್ಕಂಬೂಕೆ ನಂಗೆ ಕೈ ಬೇಕು."

ನಾನು ಕೊಡಲಿಲ್ಲ. ಬುಟ್ಟಿಯಿಂದ ಕೆಟ್ಟ ನಾತ ಬರುತ್ತಿತ್ತು. ನನ್ನ ಬಾಯಿಂದ ಬಂದ ಮಾತು ಇದು: "ನೀವು ಯಾವ ಮಂದಿ?"

"ಎಂತ?"

"ಯಾವ ಜಾತಿ ಅಂತ ಕೇಳ್ದೆ."

ಅವಳು ನನ್ನ ಮುಖ ನೋಡಿದಳು. ಸಿಟ್ಟಾಗಲಿಲ್ಲ. ಕಿವುಡರಿಗೆ ಹೇಳುವಂತೆ ಜೋರಾಗಿ, "ಅಮ್ಮಾ, ನೀರು ಏರ್ತಾ ಉಂಟು" ಎಂದಳು.

ಶಾಂತಾ ನನ್ನ ಹೆಗಲಿನಿಂದ ಕೂಸನ್ನು ಕಿತ್ತುಕೊಂಡಳು. "ನಿನ್ನ ಬಾಯಾಗ ಮಣ್ಣ ಹಾಕ್ಲಿ ಯವ್ವಾ!" ಎಂದು ಕೂಸನ್ನು ತಾನೇ ಬುಟ್ಟಿಯಲ್ಲಿ ಮಲಗಿಸಿದಳು. ಅಲ್ಲಿಯವರೆಗೆ ನನ್ನ ಮೇಲೆ ದನಿ ಏರಿಸಿದವಳಲ್ಲ.

ಹೆಂಗಸು ಬುಟ್ಟಿ ತಲೆಗೇರಿಸಿದಳು. ಒಂದು ಕೈ ಬುಟ್ಟಿಗೆ, ಇನ್ನೊಂದು ಶಾಂತಾಳ ರಟ್ಟೆಗೆ. ನಾನು ಹಿಂದೆ ಅವಳ ಸೆರಗು ಹಿಡಿದೆ. "ನಾ ಕಾಲಿಟ್ಟಲ್ಲೇ ಕಾಲಿಡಿ, ಆಚೀಚೆ ಹೋದ್ರೆ ಹೊಂಡ" ಎಂದಳು. ಕಟ್ಟೆ ಎದುರಿಗಿದ್ದರೂ ಅವಳು ನೆಟ್ಟಗೆ ನಡೆಯಲಿಲ್ಲ. ಬಳಸಿಕೊಂಡು ಹೋದಳು, ನೀರಿನ ಕೆಳಗಿನ ಏರು ಅವಳ ಕಾಲಿಗೆ ಗೊತ್ತಿತ್ತು. ನನಗೆ ಕುತ್ತಿಗೆಮಟ್ಟ ಬಂತು. ಉಪ್ಪುನೀರು ಕುಡಿದೆ. ನನ್ನ ಕಣ್ಣೆಲ್ಲ ಆ ಬುಟ್ಟಿಯ ಮೇಲಿತ್ತು, ಅದು ಒಂದು ಸಲವೂ ಅಲುಗಲಿಲ್ಲ.

ಕಟ್ಟೆ ಹತ್ತಿದ ಮೇಲೆ ಅವಳು ಕೂಸನ್ನು ಶಾಂತಾಳ ಕೈಗೆ ಕೊಟ್ಟಳು. ನಾನೂ ಕೈ ಚಾಚಿದ್ದೆ. ನನ್ನ ಕೈಗೆ ಕೊಡಲಿಲ್ಲ. ಶಾಂತಾ ಅವಳ ಕಾಲು ಹಿಡಿಯಲು ಹೋದಳು. "ಬಿಡಿ ಬಿಡಿ, ಮಗೂಗೆ ಬಿಸಿ ಮಾಡಿ" ಎಂದು ಹೇಳಿ, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಟೇಬಿಟ್ಟಳು. ಹೆಸರನ್ನೂ ಕೇಳಲಿಲ್ಲ ನಾವು.

ಸ್ವಲ್ಪ ಹೊತ್ತಿಗೆ ದೋಣಿ ನೇರವಾಗಿ ಕಟ್ಟೆಗೇ ಬಂದು ನಿಂತಿತು. ದೋಣಿಯವನು ನಗುತ್ತ, "ಬನ್ನಿ ಅಮ್ಮಾ, ಭರತಿ ಆಯ್ತಲ್ಲ" ಎಂದ. ನಾನು ಅವನ ಮೇಲೆ ಹರಿಹಾಯ್ದೆ.

"ಬಾಣಂತೀನ, ಕೂಸನ್ನ ನೀರಾಗ ಬಿಟ್ಟು ಹೋಗ್ತೀಯಲ್ಲೋ ಭಾಡ್ಯಾ! ನಿನಗ ಹೆಣ್ಣ ಮಕ್ಕಳಿಲ್ಲೇನು?"

ಅವನ ನಗು ಇಳಿಯಿತು. "ನಾ ಭರತಿ ಆಗ್ತದೆ ಅಂದೆ. ನೀವು ಭರತಿ ಆದ್ಮೇಲೆ ಬರ್ತೇವೆ ಅಂದ್ರಿ. ದಕ್ಕೆಗೆ ಹೋಗ್ತ್ರಿ ಅಂದ್ಕಂಡೆ."

ಸಮುದ್ರದ ನೀರು ಏರುವುದಕ್ಕೆ ಅವರು ಭರತಿ ಅನ್ನುತ್ತಾರಂತೆ. ದಿನಕ್ಕೆ ಎರಡು ಸಲ ಏರುತ್ತದಂತೆ, ಇಳಿಯುತ್ತದಂತೆ. ಅಳಿಯ ಕಾಗದದಲ್ಲಿ ಎಲ್ಲ ಬರೆದಿದ್ದ, ಅದೊಂದು ಬರೆದಿರಲಿಲ್ಲ. ದೋಣಿಯವನದೂ ಕನ್ನಡ, ನನ್ನದೂ ಕನ್ನಡ. ನಾವಿಬ್ಬರೂ ಒಂದೇ ಮಾತು ಆಡಿದ್ದೆವು.

ಟ್ರಂಕು ಸಿಗಲಿಲ್ಲ. ದಾಟಿ ಹೋಗಿ ಅಳಿಯನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಶಾಂತಾ ಅಳಿಯನಿಗೆ ನೀರಿನ ಸಂಗತಿಯೆಲ್ಲ ಹೇಳಿದಳು, ನಾನು ಕೇಳಿದ ಆ ಮಾತು ಬಿಟ್ಟು. ಆ ಹೆಂಗಸನ್ನು ಹುಡುಕಿಸೋಣ ಎಂದ ಅಳಿಯ. ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವಳು ಎದುರಿಗೆ ಬಂದರೆ ಎಲ್ಲಿ ನೋಡಲಿ ಎಂಬ ಹೆದರಿಕೆ ನನಗೆ.

ನೀರಿನ ಹೆದರಿಕೆ ಒಂದೆರಡು ವರ್ಷಕ್ಕೆ ಹೋಯಿತು. ಇದು ಹೋಗಿಲ್ಲ. ದಿನಾ ಲಿಂಗಪೂಜೆ ಮಾಡುವವಳು, ಎಲ್ಲರೂ ಒಂದೇ ಎಂದು ಕೇಳುತ್ತಲೇ ಬೆಳೆದವಳು. ಹೆಗಲ ಮೇಲೆ ಮೊಮ್ಮಗ, ಕಾಲಡಿ ಉಸುಕು ಜಾರುತ್ತಿದೆ, ಆಗ ನಾನು ಕೇಳಿದ್ದು ಜಾತಿ. ನನ್ನೊಳಗೆ ಅಂಥದ್ದೊಂದು ಕುಳಿತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆ ಕೂಸಿಗೆ ಈಗ ಹನ್ನೆರಡು ವರ್ಷ. ಶಾಲೆಯ ಸೂಟಿಗೆ ಬಂದರೆ, "ಅಜ್ಜೀ, ನಾ ಬುಟ್ಟ್ಯಾಗ ಕುಂತು ಸಮುದ್ರ ದಾಟಿದ್ದು ಹೇಳು" ಎನ್ನುತ್ತಾನೆ. ಹೇಳುತ್ತೇನೆ. ಹೆಂಗಸು ಕೈ ಚಾಚಿದಳು ಎನ್ನುವಲ್ಲಿಗೆ ಬಂದಾಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಶಾಂತಾಳ ಕೈ ನಿಲ್ಲುತ್ತದೆ. ತಿರುಗಿ ನೋಡುವುದಿಲ್ಲ ಅವಳು. ನಾನು ಬೇಗ ಬೇಗ, "ನಾ ನಿನ್ನ ಕೊಟ್ಟೆ, ಆಕಿ ಹೊತ್ಗೊಂಡು ನಡದ್ಳು" ಎಂದು ಮುಂದೆ ಹೋಗುತ್ತೇನೆ. ಆಮೇಲೆ ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ.