ಒಂದು ‘ಬಹುದು’ ಸಾಕು

ಪೂರ್ವ ಕೆಂಟಕಿಯ ಗುಡ್ಡಗಳ ನಡುವೆ ಇರುವ ನಮ್ಮ ಶಾಲೆಗೆ ಇಂಗ್ಲಿಷ್ ಕಲಿಕೆಯ ಹೊಸ ಮಾನದಂಡಗಳು ಬಂದ ವರ್ಷ ಮೇಷ್ಟ್ರುಗಳೆಲ್ಲ ಕಂಗಾಲಾಗಿದ್ದರು. ತರಗತಿಗೊಂದು ಪಟ್ಟಿ, ಪಟ್ಟಿಗೆ ಅಂಕಿ, ಅಂಕಿಗೆ ಬಾಲವಾಗಿ ಒಂದು ಅಕ್ಷರ. ‘ರಾಜಧಾನಿಯಲ್ಲಿ ಕೂತೋರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ’ ಎಂದು ಗೊಣಗದವರಿಲ್ಲ. ನಾಲ್ಕನೆಯ ತರಗತಿಯ ಗ್ಲೆನ್ನಾ ಸ್ಟಿಡಮ್ ಮಾತ್ರ ಗೊಣಗಲಿಲ್ಲ. ಬೇಸಿಗೆ ರಜೆಯಲ್ಲಿ ಕೂತು ಅದಷ್ಟನ್ನೂ ಓದಿ, ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಬೇರೆಯವರಿಗೆ ಬಿಡಿಸಿ ಹೇಳುವಷ್ಟು ತಯಾರಾಗಿದ್ದಳು.

ಅಂದಿನಿಂದ ಮಾನದಂಡ ಎಂದರೆ ಗ್ಲೆನ್ನಾ. ಯಾರಿಗೆ ಏನು ತಿಳಿಯದಿದ್ದರೂ ಅವಳ ಬಾಗಿಲಿಗೆ. ಹೆಡ್‌ಮಾಸ್ಟರ್ ಟ್ಯಾಕೆಟ್ ಅಂತೂ ಸಭೆಯಲ್ಲಿ ‘ನಂಗೇನ್ ಕೇಳ್ತೀರಿ, ಅವರನ್ನ ಕೇಳಿ’ ಎಂದು ಕೈ ತೊಳೆದುಕೊಂಡುಬಿಟ್ಟಿದ್ದರು. ದಿನ ಬೆಳಗಾದರೆ ಪ್ರತಿ ಕೋಣೆಯ ಬೋರ್ಡಿನ ಮೇಲೆ ಆ ದಿನದ ಮಾನದಂಡವನ್ನು ‘ನಾನು ಬಲ್ಲೆ’ ಎಂಬ ವಾಕ್ಯವಾಗಿ ಬರೆಯಬೇಕು. ‘ನಾನು ಕಥೆಯ ತಿರುಳನ್ನು ಹೇಳಬಲ್ಲೆ’, ‘ನಾನು ಪದದ ಅರ್ಥವನ್ನು ಊಹಿಸಬಲ್ಲೆ’. ಆ ವಾಕ್ಯಗಳನ್ನೆಲ್ಲ ಹೊಂದಿಸಿಕೊಟ್ಟವಳು ಅವಳೇ. ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಕಷ್ಟಪಟ್ಟವಳು.

ಎಷ್ಟು ಕಷ್ಟ ಎಂದರೆ, ಅವಳು ಮೊದಲು ತನ್ನ ನಾಲಿಗೆಯನ್ನೇ ಬದಲಿಸಿಕೊಂಡವಳು. ಗುಡ್ಡದವರ ಬಾಯಲ್ಲಿ ಒಂದು ‘ಬಹುದು’ ಸಾಲದು, ಎರಡು ಬೇಕು. ‘ನಾಳೆ ಬರ್ತೀರಾ?’ ಎಂದು ಕೇಳಿ ನೋಡಿ. ‘ಬರ್ಬೋದಾಗ್ಬೋದು’ ಎನ್ನುತ್ತಾರೆ. ಬರುತ್ತೇನೆ ಎಂದರೆ ದೇವರ ಕೆಲಸಕ್ಕೆ ಕೈ ಹಾಕಿದಂತೆ, ಬರುವುದಿಲ್ಲ ಎಂದರೆ ಕೇಳಿದವರ ಮುಖ ಮುರಿದಂತೆ. ಬರಿಯ ‘ಬರಬಹುದು’ ಎಂದರೂ ಅದರಲ್ಲೇನೋ ಬಿಗುಮಾನ. ಎರಡು ಹಾಕಿದರೆ ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ. ಗ್ಲೆನ್ನಾ ಕಾಲೇಜು ಸೇರಿದ ಮೊದಲ ವಾರ, ಮೇಷ್ಟ್ರು ಕೇಳಿದ ಪ್ರಶ್ನೆಗೆ ಕೈ ಎತ್ತಿ, ‘ನಾನ್ ಏಳ್ಬೋದಾಗ್ಬೋದು’ ಅಂದಳು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ‘ಇನ್ನೊಂದ್ಸಲ ಹೇಳಮ್ಮ’ ಎಂದು ಮೇಷ್ಟ್ರೂ ಮಜ ತೆಗೆದುಕೊಂಡರು. ಅವಳು ಪೆದ್ದು, ಇನ್ನೊಂದು ಸಲವೂ ಹೇಳಿದಳು. ಆ ವರ್ಷ ರಜೆಗೆ ಮನೆಗೆ ಬಂದಾಗ ‘ಅವ್ವ’ ಹೋಗಿ ‘ಅಮ್ಮ’ ಬಂದಿತ್ತು.

ಅವಳ ಅವ್ವ ಓಮಾ. ಕಿರಿಯ ಮಗನ ತುಂಬು ಸಂಸಾರದ ಜೊತೆ ಹೊಳೆಯ ಮೇಲ್ಗಡೆ ಇದ್ದಾಳೆ. ಅವಳಿಗೆ ಆಸ್ತಿ ಅಂತ ಇದ್ದದ್ದು ಬಾಯಿ. ಕಣಿವೆಯಲ್ಲಿ ಯಾರು ಸತ್ತರೂ, ಮಣ್ಣು ಮುಗಿಸಿ ಬಂದವರು ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮುಂದಿಟ್ಟುಕೊಂಡು ಕೂತಾಗ ‘ಓಮಕ್ಕ, ಒಸಿ ಅವನ್ ಕತೆ ಏಳಕ್ಕ’ ಎನ್ನುತ್ತಿದ್ದರು. ಅವಳು ಸತ್ತವನನ್ನು ಎಬ್ಬಿಸಿ ಓಡಾಡಿಸಿ, ಅಳುತ್ತಿದ್ದವರನ್ನು ನಗಿಸಿ, ಮತ್ತೆ ಅಳಿಸಿ ಕಳಿಸುತ್ತಿದ್ದಳು. ಗ್ಲೆನ್ನಾಳಿಗೆ ಅವ್ವನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಶಾಲೆಯ ಹತ್ತಿರ ಮಾತ್ರ ಅವಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಚಳಿ, ದೂರ, ಮಂಡಿನೋವು ಅಂತ ವರ್ಷಕ್ಕೊಂದು ನೆಪ.

ಮಾನದಂಡದಲ್ಲಿ ‘ಭಾಷೆ ಒಂದು’ ಎಂಬುದರ ಕೆಳಗೆ, ನಾಲ್ಕನೆಯ ತರಗತಿಗೆಂದೇ, ಒಂದು ಸಾಲಿದೆ. ಬಲ್ಲೆ, ಬಹುದು, ಬೇಕು ಎಂಬ ಬಾಲಗಳನ್ನು ಸಂದರ್ಭಕ್ಕೆ ತಕ್ಕಂತೆ ಬಳಸಬೇಕು ಎಂಬ ಸಾಲು. ಅದನ್ನು ಓದಿದಾಗ ಗ್ಲೆನ್ನಾಳಿಗೆ ತನಗಾಗಿಯೇ ಬರೆದಂತೆ ಕಂಡಿತು. ತನ್ನ ಮಕ್ಕಳು ಹೊರಗೆ ಹೋಗಿ ನಗೆಪಾಟಲಾಗಬಾರದು, ಆಗುವುದಿದ್ದರೆ ಇಲ್ಲೇ ಆಗಿ ಮುಗಿಯಲಿ ಎಂದು ಒಂದು ಆಟ ಕಟ್ಟಿದಳು. ಯಾರ ಬಾಯಲ್ಲಾದರೂ ಎರಡು ‘ಬಹುದು’ ಬಂದರೆ ಉಳಿದವರೆಲ್ಲ ಒಂದು ಬೆರಳೆತ್ತಿ ‘ಒಂದೇ ಸಾಕು!’ ಎಂದು ಕೂಗಬೇಕು. ಮಕ್ಕಳಿಗೆ ಹಬ್ಬವಾಯಿತು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ಪಕ್ಕದ ಕೋಣೆಯವರೂ ಕಲಿತರು. ಊಟದ ಕೋಣೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಬೆರಳು. ಅತಿ ಹೆಚ್ಚು ಸಲ ಸಿಕ್ಕಿಬೀಳುತ್ತಿದ್ದವಳು ಟ್ರೆಸ್ಸಾ ಎಂಬ ಹುಡುಗಿ, ಅಜ್ಜಿಯ ಕೈಲಿ ಬೆಳೆದವಳು. ಬರುಬರುತ್ತ ಅವಳು ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದಳು. ಗ್ಲೆನ್ನಾ ಅದನ್ನು ಸುಧಾರಣೆ ಎಂದುಕೊಂಡಳು.

ಅಜ್ಜ-ಅಜ್ಜಿಯರ ದಿನ ಬಂತು. ಟ್ಯಾಕೆಟ್ ಈ ಸಲ ಗ್ಲೆನ್ನಾಳನ್ನು ಕೇಳದೆಯೇ ನೇರವಾಗಿ ಓಮಾಳ ಮನೆಗೆ ಹೋಗಿ ಕರೆದುಬಂದರು. ‘ಕಣಿವೆಗೇ ಕತೆ ಹೇಳೋರು, ನಮ್ಮ ಮಕ್ಕಳಿಗೂ ಒಂದು ಹೇಳ್ಲಿ. ಜಿಲ್ಲಾ ಕಚೇರಿಯಿಂದಲೂ ಮೇಡಂ ಬರ್ತಾರೆ, ನೋಡಿ ಖುಷಿಪಡ್ತಾರೆ’ ಅಂದರು. ಗ್ಲೆನ್ನಾಳಿಗೆ ಬೇಡ ಎನ್ನಲು ಈ ಸಲ ನೆಪ ಹೊಳೆಯಲಿಲ್ಲ.

ಓಮಾ ಭಾನುವಾರದ ಉಡುಪು ತೊಟ್ಟು, ಒಣಸೇಬು ತುಂಬಿದ ಪದರದ ಕೇಕು ಹಿಡಿದು ಬಂದಳು. ಮಗಳ ಕೋಣೆಯನ್ನು ಕಣ್ತುಂಬ ನೋಡಿದಳು. ‘ಇಸ್ಟ್ ಚೆಂದಾಗ್ ಇಟ್ಕಂಡಿದ್ದೀಯಲ್ಲವ್ವ! ಒಂದ್ ದಪನಾದ್ರೂ ತೋರ್ಸ್‌ನಿಲ್ವಲ್ಲ’ ಅಂದಳು. ಹಿಂದಿನ ಸಾಲಿನಲ್ಲಿ ಜಿಲ್ಲಾ ಕಚೇರಿಯ ಮೇಡಂ ಕೂತಿದ್ದರು. ಗ್ಲೆನ್ನಾ ‘ಕೂತ್ಕೊಳ್ಳಿ ಅಮ್ಮ’ ಎಂದು ಕುರ್ಚಿ ಎಳೆದಳು.

ಕಥೆ ಶುರುವಾದ ಮೇಲೆ ಗ್ಲೆನ್ನಾಳಿಗೂ ಭಯ ಮರೆತುಹೋಯಿತು. ಓಮಾಳ ಅಪ್ಪ ಗಣಿ ಕೆಲಸದವನು, ಹೊಳೆ ಉಕ್ಕಿದ ದಿನ ಮಗಳನ್ನು ಹೇಸರಗತ್ತೆಯ ಮೇಲೆ ಕೂರಿಸಿ ದಾಟಿಸಿದ ಕಥೆ ಅದು. ಮಕ್ಕಳು ಉಸಿರು ಹಿಡಿದು ಕೂತಿದ್ದರು. ಕತ್ತೆ ನಡುಹೊಳೆಯಲ್ಲಿ ನಿಂತುಬಿಟ್ಟಿದೆ, ನೀರು ಹೊಟ್ಟೆ ಮುಟ್ಟಿದೆ. ‘ನಾ ಅಳ್ತಿವ್ನಿ. ಅಪ್ಪಾ, ಇದು ದಾಟ್ತದಾ ಅಂದೆ. ಅಪ್ಪ ನನ್ ಕಾಲ್ ಬಿಗ್ಯಾಗ್ ಇಡ್ಕಂಡು ಏಳ್ದ: ದಾಟ್ಬೋದಾಗ್ಬೋದು ಕನವ್ವ, ನೀ ಮಾತ್ರ...’

‘ಒಂದೇ ಸಾಕು!’

ಮೊದಲು ಕೂಗಿದವಳು ಟ್ರೆಸ್ಸಾ. ಕೊನೆಗೂ ತನ್ನದಲ್ಲದ ಬಾಯಿ ಸಿಕ್ಕಿಬಿದ್ದಿತ್ತು, ಆ ಹುಡುಗಿ ಮುಖವೆಲ್ಲ ಬೆಳಗಿಕೊಂಡು ಬೆರಳೆತ್ತಿದ್ದಳು. ಅವಳ ಹಿಂದೆ ಇಡೀ ತರಗತಿ. ಕೇಡಿನ ಮಕ್ಕಳೇನಲ್ಲ, ಆಟದಲ್ಲಿ ಅಜ್ಜಿಯನ್ನೂ ಸೇರಿಸಿಕೊಂಡರು ಅಷ್ಟೆ. ಓಮಾ ನಗುತ್ತಲೇ ನಿಲ್ಲಿಸಿ, ‘ಏನಂತವ್ವಾ? ಒಂದ್ ಏನು?’ ಎಂದು ಮಗಳ ಕಡೆ ತಿರುಗಿದಳು. ಮಕ್ಕಳೂ ಮಿಸ್ ಕಡೆ ತಿರುಗಿದರು. ಜಿಲ್ಲಾ ಕಚೇರಿಯ ಮೇಡಂ ಕೂಡ ನಸುನಗುತ್ತ ನೋಡಿದರು.

ಗ್ಲೆನ್ನಾ ನಕ್ಕಳು. ನಕ್ಕು, ತನ್ನ ಬೆರಳನ್ನೂ ಎತ್ತಿದಳು.

ಕಾಲೇಜಿನ ಆ ಕೋಣೆಯಲ್ಲಿ ನಕ್ಕವರ ಸಾಲಿನಲ್ಲಿ ಒಂದು ದಿನವಾದರೂ ಕೂರಬೇಕೆಂಬ ಆಸೆ ಒಳಗೆ ಎಲ್ಲೋ ಇತ್ತೇನೋ. ಕೂತಾಯಿತು.

ಟ್ರೆಸ್ಸಾ ಎದ್ದು ನಿಂತು ಅಕ್ಕರೆಯಿಂದಲೇ ಬಿಡಿಸಿ ಹೇಳಿದಳು: ‘ಎರಡ್ ಸಲ ಹೇಳ್ಬಾರ್ದು ಅಜ್ಜಿ. ಅದು ತಪ್ಪು. ಮಿಸ್ ಹೇಳ್ಕೊಟ್ಟಿದಾರೆ.’

‘ಓ’ ಅಂದಳು ಓಮಾ. ‘ತಪ್ಪಾ.’ ಆಮೇಲೆ, ‘ಕತ್ತೆ ದಾಟ್ತು. ಅಸ್ಟೇಯ’ ಎಂದು ಕಥೆ ಮುಗಿಸಿ, ಕೇಕು ಕೊಯ್ಯಲು ಚಾಕು ಕೇಳಿದಳು.

ಮನೆಗೆ ಬಿಡಲು ಹೋಗುವಾಗ ಕಾರಿನಲ್ಲಿ ಬೈದರೆ ಬೈಸಿಕೊಳ್ಳಲು ಗ್ಲೆನ್ನಾ ತಯಾರಿದ್ದಳು. ಓಮಾ ಬೈಯಲಿಲ್ಲ. ‘ಉಟ್ಟಿದಾಗ್ಲಿಂದ ತಪ್ಪಾಡ್ಕಂಡ್ ಬಂದಿವ್ನಲ್ಲ, ಸಾವಿನ್ ಮನೇಲೆಲ್ಲ ಆಡಿವ್ನಿ. ನಿಂಗ್ ಗೊತ್ತಿತ್ತಲ್ವಾ? ಒಂದ್ ಮಾತ್ ಏಳ್ಬಾರ್ದಾಗಿತ್ತವ್ವ?’ ಎಂದು ಕೇಳಿದಳು. ಚುಚ್ಚುಮಾತಲ್ಲ, ನಿಜವಾಗಿಯೂ ಕೇಳಿದ್ದು. ಗ್ಲೆನ್ನಾ ‘ಅದೇನೂ ದೊಡ್ಡದಲ್ಲಮ್ಮ, ಮಕ್ಕಳ ಆಟ’ ಅಂದಳು. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡುವವಳ ಮಾತೇ ಹೋಯಿತು. ಫೋನಿನಲ್ಲಿ ‘ಹೂಂ’, ‘ಇಲ್ಲ’, ‘ಸರಿ’. ಸೊಸೆಯನ್ನು ಕೇಳಿದರೆ, ‘ಮನೇಲೂ ಅಂಗೇ ಅವ್ರೆ, ಒಂದೊಂದ್ ಮಾತ್ಗೂ ನಿಂತ್ಕಂಡ್ ಯೋಚ್ನೆ ಮಾಡ್ತರೆ’ ಅಂದಳು. ಆ ಚಳಿಗಾಲ ಓಮಾಳ ಓರಗೆಯವನೇ ಆದ ಹಾರ್ಲನ್ ನೇಪಿಯರ್ ಸತ್ತ. ಮಣ್ಣು ಮುಗಿದ ಮೇಲೆ ಎಲ್ಲರೂ ಅವಳ ಮುಖ ನೋಡಿದರು. ‘ಬ್ಯಾರೇರ್ನ ಕೇಳಿ’ ಅಂದಳು. ಬೇರೆ ಯಾರಿದ್ದರು? ಜನ ತಟ್ಟೆ ನೋಡಿಕೊಂಡು ಉಂಡು, ಹಾರ್ಲನ್‌ನನ್ನು ಕಥೆಯಿಲ್ಲದೆ ಕಳಿಸಿ ಎದ್ದುಹೋದರು. ಗ್ಲೆನ್ನಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ನಿಂತಿದ್ದಳು. ಅದಕ್ಕೆ ಕಾರಣ ತಾನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು.

ವಸಂತದ ಹೊತ್ತಿಗೆ ಹೊಸಬರಿಗೆ ಮಾನದಂಡ ವಿವರಿಸುವ ಸಭೆ. ವಾಡಿಕೆಯಂತೆ ಗ್ಲೆನ್ನಾಳೇ ನಿಂತಳು. ‘ಭಾಷೆ ಮೂರು’ ಮುಗಿಸಿ ಮುಂದೆ ಹೋಗುವಾಗ ಹೊಸಬಳೊಬ್ಬಳು ಕೈ ಎತ್ತಿ, ‘ಭಾಷೆ ಮೂರರ ಕೊನೇದು ಬಿಟ್ಹೋಯ್ತಲ್ಲ, ಅದನ್ನ ಹೇಗೆ ಕಲಿಸೋದು?’ ಅಂದಳು. ಯಾವ ಹೊತ್ತಿಗೆ ಶಿಷ್ಟ ಮಾತು ಬೇಕು, ಯಾವ ಹೊತ್ತಿಗೆ ಸಲಿಗೆಯ ಮಾತು ಒಪ್ಪುತ್ತದೆ ಎಂದು ಬೇರೆ ಮಾಡಿ ತಿಳಿಯಬೇಕು ಎಂಬ ಸಾಲು ಅದು. ಪ್ರತಿ ವರ್ಷ ಗ್ಲೆನ್ನಾ ಆ ಸಾಲಿಗೆ ಬಂದಾಗ, ‘ಸಲಿಗೆ ಮಾತು ನಮ್ಮ ಮಕ್ಕಳಿಗೆ ಕಲಿಸ್ಬೇಕಾ? ಹುಟ್ತಾನೇ ಬಂದಿರುತ್ತೆ’ ಎಂದು ನಗಿಸಿ ಪುಟ ತಿರುಗಿಸುತ್ತಿದ್ದಳು. ಈ ಸಲ ಆ ಹಾಸ್ಯ ಬಾಯಿಗೆ ಬರಲಿಲ್ಲ. ಒಪ್ಪುತ್ತದೆ ಎಂದೇ ಬರೆದಿತ್ತು. ತಪ್ಪು ಎಂದು ಎಲ್ಲೂ ಬರೆದಿರಲಿಲ್ಲ. ಕಥೆ ಹೇಳುವ ಅಜ್ಜಿಗೆ ಬೆರಳು ತೋರಿಸು ಎಂದು ಯಾವ ಮಾನದಂಡವೂ ಹೇಳಿರಲಿಲ್ಲ. ಎಲ್ಲರಿಗೂ ಓದಿ ಹೇಳುವವಳು ತನಗೆ ಬೇಕಾದ ಅರ್ಧವನ್ನಷ್ಟೇ ಓದಿದ್ದಳು. ‘ಅದನ್ನ ನಾನೂ ಸರಿಯಾಗಿ ಕಲಿಸಿಲ್ಲ’ ಎಂದು ಹೇಳಿ ಕೂತಳು. ಟ್ಯಾಕೆಟ್ ಕಾಫಿ ಲೋಟದಿಂದ ತಲೆ ಎತ್ತಿ ನೋಡಿದರು.

ಮರುದಿನ ತರಗತಿಯಲ್ಲಿ ಇನ್ನು ಬೆರಳೆತ್ತುವುದು ಬೇಡ, ಅಜ್ಜಿಯ ಮಾತು ತಪ್ಪಲ್ಲ, ಪರೀಕ್ಷೆಗೆ ಒಂದು ಮಾತು, ಮನೆಗೆ ಒಂದು ಮಾತು ಎಂದಳು. ಟ್ರೆಸ್ಸಾ ಬಹಳ ದಿನಗಳ ಮೇಲೆ ಬಾಯಿ ತೆರೆದಳು. ‘ಮತ್ತೆ ಮೊದ್ಲು ತಪ್ಪು ಅಂದಿದ್ ಯಾಕೆ ಮಿಸ್?’ ಗ್ಲೆನ್ನಾ ಬೋರ್ಡು ಒರೆಸಿದಳು.

ಆ ಭಾನುವಾರ ಅವಳು ತಮ್ಮನ ಮನೆಯವರೆಲ್ಲ ಚರ್ಚಿಗೆ ಹೋಗಿರುವ ಹೊತ್ತು ನೋಡಿ ಹೊಳೆಯ ಮೇಲ್ಗಡೆಗೆ ಹೋದಳು. ಓಮಾ ಒಲೆಯ ಮುಂದೆ ಬೀನ್ಸು ಕಲಕುತ್ತಿದ್ದಳು. ದಾರಿಯುದ್ದಕ್ಕೂ ಗ್ಲೆನ್ನಾ ಒಂದೇ ಯೋಚಿಸಿದ್ದಳು: ಕ್ಷಮಿಸಿ ಎಂದು ಶಾಲೆಯ ಮಾತಿನಲ್ಲಿ ಕೇಳಿದರೆ ಅದು ಇನ್ನೊಂದು ಪಾಠವಾಗುತ್ತದೆ. ಯಾವ ಬಾಯಿಂದ ಮೊಲೆಹಾಲು ಕುಡಿದಳೋ ಆ ಬಾಯಿಂದಲೇ ಕೇಳಬೇಕು.

‘ಅವ್ವಾ’ ಅಂದಳು. ‘ನಂದ್ ತಪ್ಪಾಯ್ತು ಕನವ್ವ. ನೀ ಏಳಿದ್ರಾಗೆ ಏನೂ ತಪ್ಪಿರ್ನಿಲ್ಲ. ನೀ ನನ್ನ... ನೀ ನನ್ನ ಕ್ಸಮಿಸ್ಬೋದಾಗ್ಬೋದಾ?’

ಹೇಳುತ್ತಿದ್ದಂತೆಯೇ ಅವಳಿಗೇ ಕೇಳಿಸಿತು. ಎಳೆತ ಎಲ್ಲೋ, ಒತ್ತು ಎಲ್ಲೋ. ಪಟ್ಟಣದ ನಾಟಕದವರು ಗುಡ್ಡದವರ ವೇಷ ಹಾಕಿದಾಗ ಆಡುವ ಮಾತಿನ ಹಾಗಿತ್ತು. ಇಷ್ಟು ವರ್ಷ ಉಜ್ಜಿ ತೊಳೆದ ನಾಲಿಗೆಯಲ್ಲಿ ಅದರ ಬೇರೂ ಉಳಿದಿರಲಿಲ್ಲ.

ಓಮಾ ಸೌಟು ಕೆಳಗಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸ ಇತ್ತು. ‘ಇಲ್ಯಾರವ್ರೆ ನಗಾಕೆ?’ ಅಂದಳು. ‘ಇಸ್ಕೂಲಲ್ಲಾದ್ರೆ ಮಕ್ಳಿದ್ವು. ಇಲ್ಲಿ ಯಾರ್ಗ್ ತೋರ್ಸಕ್ ನನ್ ಅಣಕುಸ್ತೀ?’

‘ಅಣಕಿಸ್ತಿಲ್ಲಮ್ಮ! ದೇವರಾಣೆ, ನಾನು...’ ಎಂದು ಗ್ಲೆನ್ನಾ ತೊದಲಿದಳು. ಈ ಸಲ ಶಾಲೆಯ ಮಾತು ಬಂದಿತ್ತು, ಅದಕ್ಕೂ ಅರ್ಥವಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಅವ್ವನಿಗೆ ಕಾಣಲೆಂದು ಆಸೆಪಟ್ಟಳು, ಹಾಗೆ ಆಸೆಪಟ್ಟದ್ದಕ್ಕೂ ನಾಚಿದಳು.

ಓಮಾ ಒಲೆ ಆರಿಸಿ, ತಟ್ಟೆ ತೆಗೆದು, ಏಪ್ರನ್ನಿನ ತುದಿಯಲ್ಲಿ ಒರೆಸಿ ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ನಿಂತು, ಒಂದೊಂದು ಪದವನ್ನೂ ಒಳಗೆ ತೂಗಿ ನೋಡಿ, ಅಂಗಡಿಗೆ ಬಂದ ಅಪರಿಚಿತರಿಗೆ ಹೇಳುವ ಹಾಗೆ, ಎಲ್ಲೂ ತಪ್ಪಿಲ್ಲದಂತೆ ಹೇಳಿದಳು:

‘ನೀವು ಊಟ ಮಾಡಿಕೊಂಡು ಹೋಗಿ.’