ಎಳ್ಳ ಅಮಾಸಿಯ ದೊಡ್ಡ ಅವರಿ

ಬಚ್ಚಲಿನ ಬಿಳಿ ಕಲ್ಲಿನ ಮೇಲೆ ಹರಿದದ್ದನ್ನು ಕಂಡು, ಯಾರೋ ಹಾಲಿಲ್ಲದ ಚಹಾ ಚೆಲ್ಲಿದ್ದಾರೆ ಎಂದುಕೊಂಡೆ. ಬೈಯಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಚಡ್ಡಿ ಏರಿಸಿಕೊಳ್ಳುತ್ತ ನಿಂತಿದ್ದ ಮಗ ಸಂಗು ಹೇಳಿದ.

"ಅವ್ವಾ, ನನ್ನ ಉಚ್ಚಿ ಕರ್ರಗ ಬರಾಕತ್ತೈತಿ."

ಚಹಾ ಅಲ್ಲ. ಉಚ್ಚೆ.

ನಾವು ಬನಹಟ್ಟಿಯವರು, ಮನೆಯಲ್ಲಿ ಮಗ್ಗಗಳಿವೆ. ಮಗ್ಗ ನೋಡಿಕೊಳ್ಳುವುದು ಗಂಡ, ಬಣ್ಣದ ನೂಲು ಆರಿಸುವುದು ನಾನು. ಒಂದೇ ಬಣ್ಣದ ನೂಲಿನ ಎರಡು ಲಡಿಗಳಲ್ಲಿ ಕೂದಲೆಳೆಯಷ್ಟು ಫರಕಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಬಚ್ಚಲಿನಲ್ಲಿ ಕಂಡ ಆ ಬಣ್ಣವನ್ನು ಮಾತ್ರ ನಾನು ಯಾವ ಮನುಷ್ಯನ ಮೈಯಿಂದಲೂ ಬಂದದ್ದು ಕಂಡಿರಲಿಲ್ಲ. ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಕಣ್ಣಿನ ಬಿಳಿ ಹಳದಿಯಾಗಿತ್ತು. ತುಟಿ ತೊಳೆದ ಅರಿವೆಯ ಹಾಗೆ ಬಿಳಚಿಕೊಂಡಿತ್ತು.

ಎಳ್ಳ ಅಮಾವಾಸ್ಯೆಗೆಂದು ಮಗನನ್ನು ಕರೆದುಕೊಂಡು ತವರಿಗೆ, ಗಲಗಲಿಗೆ ಹೋಗಿದ್ದೆ. ಅಲ್ಲಿ ಇರುವವರು ಅವ್ವ ಮತ್ತು ಅಣ್ಣ. ಅಣ್ಣನಿಗೆ ಹೊಸ ಬೆಳೆಯ ಹುಚ್ಚು. ಈ ಸಲ ಕೃಷಿ ಮೇಳದಲ್ಲಿ ಸಿಕ್ಕ ಗೆಳೆಯನೊಬ್ಬ ಬೀಜ ಕೊಟ್ಟಿದ್ದನಂತೆ. ಇಂಗ್ಲಿಷಿನಲ್ಲಿ ಫಾವಾ ಬೀನ್ಸ್, ಉತ್ತರ ಭಾರತದ ಕಡೆ ಬಾಕ್ಲಾ. ಎಳೆ ಕಬ್ಬಿನ ಸಾಲಿನ ನಡುವೆ ಹಾಕಿದ್ದ. ದಪ್ಪ ಕಾಯಿ, ಒಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಸಿರು ಕಾಳು. ಅವ್ವ ಅದಕ್ಕೆ ದೊಡ್ಡ ಅವರಿ ಎಂದು ಹೆಸರಿಟ್ಟುಬಿಟ್ಟಿದ್ದಳು.

"ಭೂಮಿಗಿ ಗೊಬ್ಬರ ಇದ ಕೊಡತೈತಿ, ಯೂರಿಯಾ ಕಡಿಮಿ ಸಾಕು. ಮಂದಿಗಿ ಪ್ರೋಟೀನು. ಮಾಂಸ ತಿನ್ನದಾವ್ರಿಗೆ ಇದ ಮಾಂಸ, ತಂಗಿ," ಅಂದಿದ್ದ ಅಣ್ಣ.

"ನಿನ್ನ ಭಾಷಣಾ ಕೇಳಿ ಕಬ್ಬ ಒಣಗೀತೋ ಯಣ್ಣಾ," ಎಂದು ನಾನು ಕಾಡಿಸಿದ್ದೆ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಮಾಡಿದ ಅಡುಗೆಯನ್ನೆಲ್ಲ ಮೊದಲು ಭೂಮಿತಾಯಿಗೆ ಎರಚಿ, ಆಮೇಲೆ ಬದುವಿನ ಮೇಲೆ ಕೂತು ನಾವು ಉಣ್ಣುವುದು. ಉಂಡ ಮೇಲೆ ಸಾಲಿನಲ್ಲಿ ಅಡ್ಡಾಡುತ್ತ ಕಡಲೆ ಗಿಡ ಕಿತ್ತು ಹಸಿಯಾಗಿಯೇ ಸುಲಿದು ತಿನ್ನುತ್ತೇವೆ. ಹೊಲದಲ್ಲಿ ನಿಂತು ತಿಂದದ್ದು ಮೈಗೆ ಹತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕಡಲೆ ತಿಂದ ಹಾಗೆಯೇ ಈ ದೊಡ್ಡ ಅವರಿಯನ್ನೂ ತಿಂದೆವು. ಅಣ್ಣ ಸುಲಿಸುಲಿದು ಅಳಿಯನ ಬೊಗಸೆಗೆ ಹಾಕಿದ. ಸಂಗು ಅಂಗಿಯ ಕಿಸೆ ತುಂಬಿಕೊಂಡು ತಿಂದ. ನಾನೂ ತಿಂದೆ, ಅವ್ವನೂ ತಿಂದಳು. ನಮಗೆ ಏನೂ ಆಗಲಿಲ್ಲ.

ಮರುದಿನ ಸಂಜೆ ಸಂಗು ಆಟ ಬಿಟ್ಟು ಮೂಲೆಯಲ್ಲಿ ಮಲಗಿದ. ಮೈ ಬೆಚ್ಚಗಿತ್ತು. ಎರಡು ಸಲ ವಾಂತಿ ಮಾಡಿಕೊಂಡ. ಬಿಸಿಲಿನಲ್ಲಿ ಕುಣಿದದ್ದು ಹೆಚ್ಚಾಯಿತು ಎಂದೆವು. ನಿತ್ರಾಣವಾಗಿದೆ, ಶಕ್ತಿ ಬರಲಿ ಎಂದು ಅಣ್ಣ ಅದೇ ಕಾಳು ತಂದುಕೊಟ್ಟ. ನಾನೇ ಮೆತ್ತಗೆ ಕುದಿಸಿ, ನುರಿದು, ತುಪ್ಪ ಹಾಕಿ, ಬಟ್ಟಲು ತುಂಬ ಉಣಿಸಿದೆ.

ಉಣ್ಣಲೊಲ್ಲೆ ಎಂದರೂ ಬಿಡದೆ ಉಣಿಸಿದೆ.

ಅದರ ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕಂಡದ್ದು ಆ ಬಣ್ಣ.

"ಕಾಮಾಲಿ ಇದು," ಅಂದ ಅಣ್ಣ. "ಲೋಕಾಪುರದ ಕಡೆ ಒಬ್ಬರು ಔಷಧ ಕೊಡ್ತಾರ. ಮೂಗಿನಾಗ ಎರಡ ಹನಿ ಬಿಟ್ರ ಆತು. ಗಾಡಿ ತಗೀತೇನಿ, ನಡೀರಿ."

ಕಾಮಾಲೆ ಎಂದರೆ ನಾಟಿ ಔಷಧ. ನಮ್ಮಲ್ಲಿ ಅದಕ್ಕೆ ಎರಡು ಮಾತಿಲ್ಲ. ನಾನೂ ಸೀರೆ ಬದಲಿಸಿ ಸಿದ್ಧಳಾದೆ. ಬೇಡ ಎಂದವಳು ಅವ್ವ. ನೆಗಡಿ ಬಂದರೂ ತುಳಸಿ ಕಷಾಯವೇ ಆಗಬೇಕು ಎನ್ನುವ ನನ್ನ ಅವ್ವ.

"ಲೋಕಾಪುರ ಬ್ಯಾಡ. ಜಮಖಂಡಿಗಿ ಹೊಡಿ, ದೊಡ್ಡ ದವಾಖಾನಿಗಿ."

"ಯವ್ವಾ, ನಿನಗ ತಿಳಿಯಂಗಿಲ್ಲ ಸುಮ್ನಿರ ಬೇ."

"ನನಗ ತಿಳೀತೈತಿ! ಹೊಡಿ ಅಂದ್ನಿಲ್ಲೋ!"

ಯಾಕೆ ಎಂದು ಕೇಳುವ ಹೊತ್ತು ಅದಾಗಿರಲಿಲ್ಲ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅಣ್ಣ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಸಂಗು ನನ್ನ ತೊಡೆಯ ಮೇಲೆ ಬೇಗ ಬೇಗ ಉಸಿರು ಬಿಡುತ್ತಿದ್ದ. ಮಾತಾಡಿಸಿದರೆ ಮೊದಲು ಹೂಂ ಎನ್ನುತ್ತಿದ್ದವನು ಜಮಖಂಡಿ ಹತ್ತಿರ ಬರುತ್ತಿದ್ದಂತೆ ಅದನ್ನೂ ನಿಲ್ಲಿಸಿದ.

ಮಕ್ಕಳ ಡಾಕ್ಟರು ಒಬ್ಬ ಹೆಣ್ಣುಮಗಳು. ಕಣ್ಣ ರೆಪ್ಪೆ ಕೆಳಗೆಳೆದು ನೋಡಿದರು, ಅಂಗೈ ನೋಡಿದರು, ಮೂತ್ರದ ಬಾಟಲಿ ನೋಡಿದರು. ಕೂಡಲೇ ಐಸಿಯು, ಆಕ್ಸಿಜನ್, ಡ್ರಿಪ್. ರಕ್ತದ ರಿಪೋರ್ಟ್ ಬಂದಾಗ ಅವರು ಕೂತಿದ್ದ ಕುರ್ಚಿಯಿಂದ ಎದ್ದರು.

"ಹಿಮೋಗ್ಲೋಬಿನ್ ಭಾಳ ಇಳದೈತ್ರಿ. ಕೆಂಪು ರಕ್ತಕಣ ಮೈಯೊಳಗ ಒಡದ ಹೊಂಟಾವು. ಇದು ನೀವು ಅನ್ನೋ ಕಾಮಾಲಿ ಅಲ್ಲ. ಹೊಸಾ ಗುಳಿಗಿ ಏನರ ಕೊಟ್ಟೀರೇನು? ಹೊಸಾ ತಿನಸು?"

ಅಣ್ಣನ ಅಂಗಿಯ ಕಿಸೆಯಲ್ಲಿ ಇನ್ನೂ ನಾಲ್ಕು ಕಾಳಿದ್ದವು. ತೆಗೆದು ಟೇಬಲ್ ಮೇಲಿಟ್ಟ.

"ಹಸೀವು ತಿಂದಾನೇನು?"

"ಹೂನ್ರಿ."

ಜಿ-ಸಿಕ್ಸ್-ಪಿಡಿ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ. ರಕ್ತಕಣಗಳನ್ನು ಕಾಯುವ ಒಂದು ಕಿಣ್ವವಂತೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಅಂಥವರು ಈ ಕಾಳು ತಿಂದರೆ, ಅದರಲ್ಲೂ ಹಸಿಯಾಗಿ ತಿಂದರೆ, ರಕ್ತ ಒಡೆಯುತ್ತದೆ. ಉಳಿದವರಿಗೆ ಅದೇ ಕಾಳು ಒಳ್ಳೆಯ ಆಹಾರ. ಇಷ್ಟು ಹೇಳಿ ಡಾಕ್ಟರು, ತಾಯಿಗೆ ಏನೂ ತೋರದಿದ್ದರೂ ಇದು ಗಂಡುಮಕ್ಕಳಿಗೆ ಆಕೆಯ ಕಡೆಯಿಂದಲೇ ಬರುತ್ತದೆ ಎಂದರು.

ನನ್ನಿಂದ.

ಕಾಳು ಬೆಳೆದವನು ಅಣ್ಣ, ಕುದಿಸಿ ಉಣಿಸಿದವಳು ನಾನು. ಅದು ಸಾಲದೆಂಬಂತೆ ರೋಗವೂ ನನ್ನ ಹೊಟ್ಟೆಯಿಂದಲೇ ಬಂದದ್ದು. ಗೋಡೆಗೆ ಒರಗಿದೆ, ಅಳು ಬರಲಿಲ್ಲ.

ರಕ್ತ ಬೇಕೆಂದ ತಕ್ಷಣ ಅಣ್ಣ ಅಂಗಿಯ ತೋಳು ಮಡಚಿ ಎದ್ದ. ಅವನದೂ ಸಂಗುವಿನದೂ ಒಂದೇ ಗುಂಪು. ಡಾಕ್ಟರು ತಡೆದರು. "ಸೋದರಮಾವ ಅಲ್ರಿ? ನಿಮಗೂ ಇದು ಇರಬಹುದು, ತಪಾಸ ಆಗೂತನಕ ಬ್ಯಾಡ." ಮೇಲೆತ್ತಿದ ತೋಳನ್ನು ಅವನು ಹಾಗೇ ಇಳಿಸಿದ. ರಕ್ತನಿಧಿಯಿಂದ ಯಾರೋ ಗುರುತಿಲ್ಲದವರ ರಕ್ತ ಬಂತು. ಅವರು ಎಲ್ಲಿದ್ದರೂ ಅವರ ಮನೆತನ ತಣ್ಣಗಿರಲಿ.

ರಕ್ತ ಹನಿಯುತ್ತಿದ್ದಾಗ ಡಾಕ್ಟರು ಮತ್ತೆ ಕೇಳಿದರು. ನಿಮ್ಮ ತಾಯಿಯ ಕಡೆ ಯಾವುದಾದರೂ ಗಂಡು ಮಗುವಿಗೆ ಹೀಗಾಗಿತ್ತೇ? ಇಲ್ಲ ಎಂದೆ. ಹಿಂದಿನಿಂದ ಅವ್ವನ ದನಿ ಬಂತು.

"ನನಗೊಬ್ಬ ತಮ್ಮ ಇದ್ದ್ರಿ."

ಅವ್ವನಿಗೊಬ್ಬ ತಮ್ಮ ಇದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ.

"ಸಣ್ಣಾವ. ಚಳಿಜ್ವರಕ್ಕ ಗುಳಿಗಿ ಕೊಟ್ಟಿದ್ರು. ಇದ ಬಣ್ಣದ ಉಚ್ಚಿ. ಕಾಮಾಲಿ ಅಂತ ಔಷಧದಾವನ ಕಡೆ ಒಯ್ದ್ರು. ನನ್ನ ತೊಡಿ ಮ್ಯಾಲ ಇದ್ದ. ಚಕ್ಕಡ್ಯಾಗ ಹೋಗೂಮುಂದ ದಾರ್ಯಾಗ..." ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಮನ್ಯಾಗ ಆಮ್ಯಾಲ ಯಾರೂ ಅವನ ಹೆಸರ ತಗೀಲಿಲ್ಲ."

ಕೆಲವು ಮಲೇರಿಯಾ ಗುಳಿಗೆಗಳಿಂದಲೂ ಹೀಗಾಗುತ್ತದೆ, ಅದೇ ಇರಬಹುದು, ಈಗ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಅವ್ವನಿಗೆ ಅಷ್ಟೇ ಸಾಕಾಯಿತು. ನನಗೆ ಅವಳು ಬೆಳಿಗ್ಗೆ ಯಾಕೆ ಕೂಗಿದಳೆಂದು ತಿಳಿಯಿತು. ಅವಳ ಕೈ ಹಿಡಿದುಕೊಂಡೆ. ಆಗ ಬಂತು ಅಳು. ಗಂಡ ಬನಹಟ್ಟಿಯಿಂದ ಬಂದು ಮುಟ್ಟುವವರೆಗೂ ನಾವಿಬ್ಬರೂ ಹಾಗೇ ಕೂತಿದ್ದೆವು.

ಸಂಗು ಉಳಿದ. ತುಟಿಗೆ ಬಣ್ಣ ತಿರುಗಿತು, ಒಂದು ಬೆಳಿಗ್ಗೆ ಎದ್ದವನೇ ರೊಟ್ಟಿ ಕೇಳಿದ. ರಕ್ತ ಒಡೆದ ಹೊತ್ತಿನಲ್ಲಿ ಮಾಡಿದ ಆ ಕಿಣ್ವದ ಟೆಸ್ಟ್ ಮೋಸ ಮಾಡಬಹುದಂತೆ. ಮೂರು ತಿಂಗಳ ಮೇಲೆ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ, ಬಹುಶಃ ಜೀವನಪೂರ್ತಿ, ಆ ಕಾಳು ಮುಟ್ಟುವಂತಿಲ್ಲ. ಕೆಲವು ಗುಳಿಗೆ ನುಂಗುವಂತಿಲ್ಲ. ಡಾಂಬರ ಗುಳಿಗೆಯ ವಾಸನೆಯೂ ಆಗದು ಎಂದು ಡಾಕ್ಟರು ಹೇಳಿದಾಗ ನನಗೆ ಮನೆಯ ಪೆಟ್ಟಿಗೆಗಳು ನೆನಪಾದವು. ನೇಕಾರರ ಮನೆ ನಮ್ಮದು, ಸೀರೆಯ ಪೆಟ್ಟಿಗೆ ಪೆಟ್ಟಿಗೆಯಲ್ಲೂ ನುಸಿ ಹತ್ತದಿರಲೆಂದು ಅವೇ ಬಿಳಿ ಉಂಡೆಗಳು. ಗಂಡ ಒಂದೊಂದನ್ನೂ ಹುಡುಕಿ ತೆಗೆದು, ಸೀರೆಗಳನ್ನು ಬಿಸಿಲಿಗೆ ಹಾಕಿ, ಪೆಟ್ಟಿಗೆ ಒರೆಸಿದ. ಅಂಗಳದ ತುಂಬ ಹರಡಿದ್ದ ಸೀರೆ ನೋಡಿ ಓಣಿಯವರು, ಮದುವೆ ಯಾರದು ಎಂದು ಕೇಳಿದರು.

ಅಣ್ಣನ ಟೆಸ್ಟಿನಲ್ಲಿ ಏನೂ ಇಲ್ಲ. ಅದನ್ನು ಕೇಳಿ ಅವನು ಖುಷಿಪಡಲಿಲ್ಲ. "ನನಗ ಬರಬೇಕಿತ್ತವ್ವಾ ಅದು, ಕೂಸಿಗಲ್ಲ," ಅಂದನಂತೆ. ಬೆಳೆ ಕಿತ್ತೆಸೆಯಲು ಹೊರಟವನನ್ನು ಅವ್ವ ತಡೆದಳಂತೆ. ಕಾಳಿನದೇನು ತಪ್ಪು, ಭೂಮಿಗೆ ಒಳ್ಳೆಯದು, ಉಣ್ಣುವವರು ಉಣ್ಣಲಿ, ನಮ್ಮ ಕೂಸಿಗೆ ಬೇಡ ಅಷ್ಟೇ. ನನಗಿನ್ನೂ ಅಷ್ಟು ದೊಡ್ಡ ಮನಸ್ಸು ಬಂದಿಲ್ಲ. ಕನಸಿನಲ್ಲಿ ಕಂಡರೂ ಆ ಕಾಳಿಗೆ ಬೈಯುತ್ತೇನೆ.

ಸೋದರಮಾವ ಬರಿಗೈಯಲ್ಲಿ ಬರಬಾರದು. ಮೊನ್ನೆ ಅಣ್ಣ ಬನಹಟ್ಟಿಗೆ ಬಂದಾಗ ಕೈಯಲ್ಲಿ ಹಸಿ ಕಡಲೆ ಗಿಡದ ಒಂದು ಹಿಡಿ ಇತ್ತು. ಹೊಸ್ತಿಲ ಹೊರಗೇ ನಿಂತ.

"ಕಡ್ಲಿ ತಂಗಿ. ಡಾಕ್ಟರ್‌ಗ ಫೋನ್ ಹಚ್ಚಿ ಕೇಳೇನಿ. ನಡಿತೈತಿ ಅಂದ್ರು. ಆದ್ರೂ ನೀ ಬ್ಯಾಡಂದ್ರ ಎಮ್ಮಿಗಿ ಹಾಕ್ತೇನಿ."

ಸಂಗು ಓಡಿಬಂದು ಮಾವನ ಕಾಲು ತಬ್ಬಿದ. "ಮಾಮಾ, ಏನ್ ತಂದಿ?" ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಕೈಯಿಂದ ಗಿಡ ತೆಗೆದುಕೊಂಡೆ. ಮೊದಲ ಕಾಳು ಸುಲಿದು ನಾನು ತಿಂದೆ. ಎರಡನೆಯದನ್ನು ಸುಲಿದು, ಬಹಳ ಹೊತ್ತು ಬೆರಳಲ್ಲಿ ಹಿಡಿದುಕೊಂಡಿದ್ದು, ಮಗನ ಬಾಯಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಅವನಿಗಿಂತ ಮೊದಲು ಎದ್ದು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಬಾಗಿಲು ಮುಂದೆ ಮಾಡಿಕೊಂಡು ಒಳಗಿನಿಂದ ಅವನೇ ಕೂಗಿದ.

"ಅವ್ವಾ, ಚಿಂತಿ ಮಾಡಬ್ಯಾಡ. ನೀರಿನಂಗೈತಿ!"